ಉರಿಮೂತ್ರಕ್ಕೆ ಕೊಟ್ಟ ಮಾತ್ರೆ

ತನ್ನ ಸರದಿ ಬಂದರೂ ಆಕೆ ಒಳಗೆ ಬರಲಿಲ್ಲ. ಹಿಂದಿದ್ದವರನ್ನೆಲ್ಲ ಮುಂದೆ ಬಿಟ್ಟು, ಹೊರಗಿನ ಬೆಂಚು ಪೂರ್ತಿ ಖಾಲಿಯಾದ ಮೇಲೆ ಎದ್ದು ಬಂದಳು. ಖಾಕಿ ಸಮವಸ್ತ್ರದಲ್ಲೇ ಇದ್ದಳು, ಬೂಟಿನ ತುಂಬ ಕೆಮ್ಮಣ್ಣು. ನಿಟ್ಟೂರಿನ ಸುತ್ತಿನ ಕಾಡಿಗೆ ಅರಣ್ಯ ರಕ್ಷಕಿಯಾಗಿ ಬಂದು ಬಹಳ ಕಾಲವೇನೂ ಆಗಿರಲಿಲ್ಲ. ಊರವರು ಆಗಲೇ ‘ಗಾರ್ಡ್ ಅಕ್ಕ’ ಎಂದು ಕರೆಯತೊಡಗಿದ್ದರು. ನಾನು ಅಲ್ಲಿನ ಆರೋಗ್ಯ ಕೇಂದ್ರದ ವೈದ್ಯೆ.

“ಹೊಟ್ಟೆ ನೋವು ಮೇಡಂ” ಎಂದಳು.

ಎಲ್ಲಿ ಎಂದು ಕೇಳಿದೆ. ಕೈ ಕಿಬ್ಬೊಟ್ಟೆಯ ಮೇಲೆ ಹೋಯಿತು, ಕಣ್ಣು ತೆರೆದ ಬಾಗಿಲ ಕಡೆ. ನಮ್ಮ ನರ್ಸ್ ಅನುಭವಸ್ಥೆ. ಏನೋ ಕೆಲಸವಿದ್ದವರಂತೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು. ಆಮೇಲೆ ಆಕೆ ಬಾಯಿ ಬಿಟ್ಟಳು.

“ಉರಿ ಮೇಡಂ. ಮೂತ್ರಕ್ಕೆ ಹೋದ್ರೆ ಜೀವ ಹೋದಂಗಾಗತ್ತೆ. ಹೋಗಿ ಬಂದ ಕೂಡ್ಲೆ ಮತ್ತೆ ಹೋಗ್ಬೇಕು ಅನ್ಸತ್ತೆ.”

“ಇದೇ ಮೊದಲಾ?”

“ಎಲ್ಲಿ ಮೇಡಂ, ಡ್ಯೂಟಿಗೆ ಸೇರಿದಾಗಿಂದ ಆಗ್ತಾನೇ ಇದೆ. ರಿಪ್ಪನ್‌ಪೇಟೆಗೆ ತವರಿಗೆ ಹೋದಾಗ ಮೆಡಿಕಲಲ್ಲಿ ಮಾತ್ರೆ ತಗೊಳ್ತಿದ್ದೆ. ಎರಡು ನುಂಗಿದ್ರೆ ಕಡಿಮೆ ಆಗ್ತಿತ್ತು. ಉಳಿದಿದ್ದನ್ನ ಮುಂದಿನ ಸಲಕ್ಕೆ ಇರ್ಲಿ ಅಂತ ಇಟ್ಕೊಳ್ತಿದ್ದೆ. ಈ ಸಲ ಎಂತ ಮಾಡಿದ್ರೂ ಬಗ್ತಿಲ್ಲ.”

ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ನಾರ್ಫ್ಲಾಕ್ಸಸಿನ್. ಪಟ್ಟಿಯ ಮೂಲೆಯಲ್ಲಿ ಒಂದೇ ಒಂದು ಮಾತ್ರೆ ಉಳಿದಿತ್ತು.

ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದ್ದಕ್ಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. “ನೀರು ಕುಡಿದ್ರೆ ಹೋಗ್ಬೇಕಾಗತ್ತಲ್ಲ ಮೇಡಂ. ಜೊತೇಲಿ ಇರೋರೆಲ್ಲ ಗಂಡಸ್ರು. ಎಲ್ಲಿ ಅಂತ ಹೋಗೂದು? ಬೆಳಿಗ್ಗೆ ಕಾಡು ಹತ್ತಿದ್ರೆ ಸಂಜೆ ಮನೆ ಸೇರಿದ ಮೇಲೇ.”

ಕಾಯಿಲೆಯ ಬೇರು ಅಲ್ಲಿತ್ತು. ಆದರೆ ಬೇರಿಗೆ ಕೈ ಹಾಕುವ ಮೊದಲು ಆ ಹೊತ್ತಿನ ಉರಿಯನ್ನು ನೋಡಬೇಕಿತ್ತು. ಜ್ವರವಿರಲಿಲ್ಲ. ಸೊಂಟದ ಮೇಲ್ಭಾಗದಲ್ಲಿ, ಮೂತ್ರಪಿಂಡವಿರುವ ಕಡೆ ಮೆಲ್ಲಗೆ ಗುದ್ದಿದರೆ ನೋವಿರಲಿಲ್ಲ. ಅಂದರೆ ಸೋಂಕು ಇನ್ನೂ ಮೂತ್ರಕೋಶದಲ್ಲೇ ಇದೆ, ಮೇಲೆ ಹತ್ತಿಲ್ಲ. ಗರ್ಭಿಣಿಯಲ್ಲ ಎಂಬುದನ್ನೂ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡೆ. ಒಂದು ಇಂಜೆಕ್ಷನ್ ಚುಚ್ಚಿ ಕಳಿಸಿದ್ದರೆ ಆಕೆಗೂ ಸಮಾಧಾನ, ನನಗೂ ಕೆಲಸ ಹಗುರ. ಆದರೆ ಅರ್ಧಂಬರ್ಧ ಮಾತ್ರೆ ತಿಂದು ಪಳಗಿಹೋದ ರೋಗಾಣು ಯಾವುದಕ್ಕೆ ಬಗ್ಗುತ್ತದೆ ಎಂದು ತಿಳಿಯದೆ ಇನ್ನೊಂದು ಔಷಧ ಕೊಟ್ಟರೆ ಅದನ್ನೂ ಪಳಗಿಸಿದಂತೆಯೇ. ಶುದ್ಧಗೊಳಿಸಿದ ಬಾಟಲಿ ಕೊಟ್ಟು, ಮೂತ್ರದ ಮೊದಲ ಧಾರೆ ಬಿಟ್ಟು ನಡುವಿನದನ್ನು ಮಾತ್ರ ಹಿಡಿಯಬೇಕೆಂದು ವಿವರಿಸಿದೆ. ಲಸಿಕೆ ಒಯ್ಯುವ ತಣ್ಣನೆಯ ಪೆಟ್ಟಿಗೆಯಲ್ಲಿ ಆ ಬಾಟಲಿ ಕಲ್ಚರ್ ಪರೀಕ್ಷೆಗೆ ಸಾಗರಕ್ಕೆ ಹೋಯಿತು. ರೋಗಾಣುವನ್ನು ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡುವ ಪರೀಕ್ಷೆ ಅದು, ಕಾಯಲೇಬೇಕು. ಅಲ್ಲಿಯವರೆಗೆ ನೋವು ಕಡಿಮೆಯಾಗಲು ಮಾತ್ರೆ ಕೊಟ್ಟು, ಚೆನ್ನಾಗಿ ನೀರು ಕುಡಿಯಲು ಹೇಳಿದೆ. “ಉರಿ ತಡ್ಕೊಳ್ತೀರಾ? ಜ್ವರ ಬಂದ್ರೆ ಮಾತ್ರ ಆ ಕ್ಷಣವೇ ಬರಬೇಕು” ಎಂದೆ.

“ತಡ್ಕೊಳ್ತೀನಿ ಮೇಡಂ. ಇಷ್ಟು ದಿನ ಸುಮ್ನೆ ತಡ್ಕೊಂಡೆ. ಈಗ ಒಂದು ಕಾರಣಕ್ಕಾದ್ರೂ ತಡ್ಕೊಂಡಂಗಾಯ್ತು.”

ವರದಿ ಬಂತು. ಆಕೆ ನುಂಗುತ್ತಿದ್ದ ಮಾತ್ರೆ ಆ ರೋಗಾಣುವಿನ ಕೂದಲನ್ನೂ ಕೊಂಕಿಸುತ್ತಿರಲಿಲ್ಲ. ಕೆಲವು ಇಂಜೆಕ್ಷನ್‌ಗಳಿಗೂ ಅದು ಜಗ್ಗುತ್ತಿರಲಿಲ್ಲ. ಕೆಲಸ ಮಾಡಬಲ್ಲವುಗಳಲ್ಲಿ ಎರಡು ಬಾಯಿಂದಲೇ ತೆಗೆದುಕೊಳ್ಳುವಂಥವು: ನೈಟ್ರೊಫ್ಯುರಾಂಟೊಯಿನ್ ಎಂಬ ಹಳೆಯ ಮಾತ್ರೆ, ಫಾಸ್ಫೊಮೈಸಿನ್ ಎಂಬ ಪುಡಿ. ಮಾತ್ರೆಯನ್ನು ಆರಿಸಿದೆ. ಅದು ನೆಟ್ಟಗೆ ಮೂತ್ರಕ್ಕೆ ಸೇರಿ, ಅಲ್ಲೇ ಕೆಲಸ ಮುಗಿಸಿ ಹೊರಗೆ ಹೋಗುತ್ತದೆ, ಮೈಯ ಉಳಿದ ಭಾಗವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮೂತ್ರಪಿಂಡ ಸೋತಿದ್ದರೆ ಮಾತ್ರ ಕೊಡಬಾರದು. ರಕ್ತ ಪರೀಕ್ಷೆ ಮಾಡಿಸಿದೆ, ಅದು ಸರಿಯಿತ್ತು.

ಮಾತ್ರೆ ಕೊಡುವಾಗ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಊಟದ ಜೊತೆಗೇ ತೆಗೆದುಕೊಳ್ಳಬೇಕು, ಇಲ್ಲವಾದರೆ ಹೊಟ್ಟೆ ತೊಳಸುತ್ತದೆ. ಮೂತ್ರ ಕಂದುಬಣ್ಣಕ್ಕೆ ತಿರುಗಬಹುದು, ಹೆದರಬೇಡಿ. ಉರಿ ಹೋಯಿತೆಂದು ನಡುವೆ ನಿಲ್ಲಿಸಬೇಡಿ. ಆದರೆ ಉಸಿರು ಕಟ್ಟಿದರೆ, ಕೈಕಾಲು ಜೋಮು ಹಿಡಿದರೆ, ಕಣ್ಣು ಹಳದಿಯಾದರೆ ಮುಂದಿನ ಮಾತ್ರೆ ತೆಗೆದುಕೊಳ್ಳದೆ ನನ್ನ ಹತ್ತಿರ ಬನ್ನಿ. ಆಕೆ ಒಂದೊಂದನ್ನೂ ತಿರುಗಿ ನನಗೇ ಒಪ್ಪಿಸಿದಳು. ಬಿಡಬೇಡಿ ಎಂದಿದ್ದು, ಬಿಟ್ಟು ಬನ್ನಿ ಎಂದಿದ್ದು ಎರಡನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಂಡಳು. ಸಾಮಾನ್ಯವಾಗಿ ಜನ ಎರಡರಲ್ಲಿ ಒಂದನ್ನು ಮರೆಯುತ್ತಾರೆ.

ಆ ಸಲ ಎಲ್ಲ ಸುಸೂತ್ರವಾಯಿತು. ಉರಿ ನಿಂತಿತು. ಆಕೆ ಮರಳಿ ಕಾಡು ಹತ್ತಿದಳು. ನೀರಿನ ವಿಷಯದಲ್ಲಿ ನಾನು ಹೇಳಿದ್ದು ಆರೋಗ್ಯ ಕೇಂದ್ರದ ಗೇಟು ದಾಟಿದ್ದೂ ಅನುಮಾನವೇ.

ಚಳಿಗಾಲ ಮುಗಿಯುವ ಹೊತ್ತಿಗೆ ಉರಿ ಮತ್ತೆ ಬಂತು. ಮತ್ತೆ ಬಾಟಲಿ, ಮತ್ತೆ ಸಾಗರ. ಅದೇ ರೋಗಾಣು, ಅದೇ ವರದಿ. ಕಳೆದ ಸಲ ಚೆನ್ನಾಗಿ ಒಗ್ಗಿದ ಮಾತ್ರೆಯನ್ನೇ ಬರೆದೆ.

ಅದು ಮಂಗನ ಕಾಯಿಲೆಯ ಕಾಲ. ನಮ್ಮ ಕಡೆ ಆ ತಿಂಗಳುಗಳಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಕೇಳುವುದು ಕಾಡಿಗೆ ಹೋಗಿದ್ದರಾ, ಉಣುಗು ಕಚ್ಚಿತ್ತಾ ಎಂದು. ಸತ್ತ ಮಂಗನ ಮೈಯಿಂದ ಉದುರಿದ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಉಣ್ಣೆ, ಮನುಷ್ಯರಿಗೆ ಹತ್ತಿ ಕಚ್ಚಿದರೆ ಜೀವಕ್ಕೇ ಕುತ್ತು. ಆಕೆಯ ಸರಹದ್ದಿನಲ್ಲೇ ಒಂದು ಮಂಗ ಸತ್ತು ಬಿದ್ದಿತ್ತು. ಜನ ಅತ್ತ ಸುಳಿಯದಂತೆ ಕಾವಲು ನಿಂತಿದ್ದವಳೂ ಆಕೆಯೇ.

ಕೆಲವೇ ದಿನಗಳಲ್ಲಿ ಒಂದು ಬೆಳಿಗ್ಗೆ ಇಲಾಖೆಯ ಜೀಪಿನಲ್ಲಿ ಆಕೆಯನ್ನು ಕರೆತಂದರು. ಜೊತೆಗೆ ಅತ್ತೆ. ಮೈ ಕೆಂಡದಂತಿತ್ತು, ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿದ್ದವು. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ತೆಗೆಯುತ್ತಿದ್ದಳು. ಬೆರಳಿಗೆ ಅಳತೆಯ ಸಾಧನ ಸಿಕ್ಕಿಸಿದರೆ ರಕ್ತದ ಆಮ್ಲಜನಕ ಇರಬೇಕಾದ್ದಕ್ಕಿಂತ ಸಾಕಷ್ಟು ಕೆಳಗಿತ್ತು.

ನರ್ಸ್ ನನ್ನ ಕಿವಿಯ ಹತ್ತಿರ ಬಂದರು. “ಮಂಗನ ಕಾಯಿಲೆನೇ ಮೇಡಂ. ಸಂಶಯವೇ ಬೇಡ. ಮಂಗ ಸತ್ತಲ್ಲಿ ಇಡೀ ದಿನ ನಿಂತಿದ್ದಾರೆ ಇವ್ರು.”

ನನಗೂ ಮೊದಲು ಹೊಳೆದದ್ದು ಅದೇ. ಎರಡನೆಯದು, ಸೋಂಕು ಮೂತ್ರಪಿಂಡಕ್ಕೆ ಏರಿತೇ ಎಂಬ ಭಯ. ಅದಾದರೂ ಚಳಿಜ್ವರ ಬರುತ್ತದೆ. ಮಂಗನ ಕಾಯಿಲೆಗೆ ರಕ್ತದ ಮಾದರಿ ತೆಗೆದಿಟ್ಟೆ, ಸೊಂಟ ಗುದ್ದಿ ನೋಡಿದೆ. ನೋವಿಲ್ಲ. ಮೂತ್ರದಲ್ಲಿ ಕೀವಿನ ಕಣಗಳು ಆಗಲೇ ಇಳಿಮುಖವಾಗಿದ್ದವು. ಮಂಗನ ಕಾಯಿಲೆಯಲ್ಲಿ ಆಗುವಂತೆ ಕಣ್ಣು ಕೆಂಪಾಗಿರಲಿಲ್ಲ, ಮೈಕೈ ನೋವು ಅಷ್ಟಾಗಿರಲಿಲ್ಲ. ಸ್ಟೆತಸ್ಕೋಪನ್ನು ಬೆನ್ನಿಗಿಟ್ಟಾಗ ಮಾತ್ರ ಎರಡೂ ಕಡೆ ಶ್ವಾಸಕೋಶದ ತಳದಲ್ಲಿ, ಒಣ ಎಲೆ ಮೆಟ್ಟಿದಂಥ ಸಣ್ಣ ಚರಚರ ಸದ್ದು ಕೇಳಿಸಿತು.

“ಜ್ವರ ಯಾವಾಗ ಶುರುವಾಯ್ತು? ನಿಧಾನಕ್ಕೆ, ಮೊದಲಿಂದ ಹೇಳಿ” ಎಂದೆ.

“ನಿನ್ನೆ ಮಧ್ಯಾಹ್ನ... ಊಟ ಮಾಡಿ ಮಾತ್ರೆ ತಗೊಂಡೆ. ಸ್ವಲ್ಪ ಹೊತ್ತಿಗೆ ಚಳಿ ಹಿಡೀತು. ಎದೆ ಬಿಗಿದಂಗಾಯ್ತು. ಸಂಜೆಗೆ ಎಲ್ಲ ಇಳೀತು ಮೇಡಂ. ಮೊನ್ನೆನೂ ಹಂಗೇ ಸ್ವಲ್ಪ ಆಗಿತ್ತು. ಸುಸ್ತು ಅಂದ್ಕೊಂಡೆ.”

“ಈವತ್ತು?”

ಉತ್ತರ ಕೊಟ್ಟದ್ದು ಅತ್ತೆ. “ಈವತ್ತು ಬೆಳಿಗ್ಗೆ ಗಂಜಿ ಕುಡಿಸಿ ಮಾತ್ರೆ ಕೊಟ್ಟೆ ನಾನೇ. ಬ್ಯಾಡ ಅಂದ್ಲು. ಡಾಕ್ಟ್ರು ಬಿಡ್ಬಾರ್ದು ಅಂದಾರಲ್ಲೇ ಮಾರಾಯ್ತಿ, ಅಂತ ಬೈದೆ. ಆಮೇಲೆ ನೋಡಿ ಹಿಂಗಾತು. ಅಕ್ಕಪಕ್ಕದೋರೆಲ್ಲ ಮಂಗನ ಕಾಯಿಲೆ, ತೀರ್ಥಹಳ್ಳಿಗೆ ಕರ್ಕೊಂಡು ಹೋಗಿ ಅಂದ್ರು. ಇವಳು ಒಂದೇ ಹಟ, ಮೊದ್ಲು ನಿಟ್ಟೂರು ಡಾಕ್ಟ್ರಿಗೆ ತೋರಿಸ್ಬೇಕು ಅಂತ.”

“ಉಸಿರು ಕಟ್ಟಿದ್ರೆ ಬಾ ಅಂದಿದ್ರಲ್ಲ ಮೇಡಂ” ಎಂದಳು ಆಕೆ. “ಮಂಗನ ಕಾಯಿಲೆ ಅಂತ ಎಲ್ರೂ ಹೇಳಿದ್ರು. ಇರ್ಬಹುದು. ಆದ್ರೆ ಮಾತ್ರೆ ಹಿಂದೆನೇ ಜ್ವರ ಬರ್ತಾ ಇದೆ.”

ಆ ಸ್ಥಿತಿಯಲ್ಲೂ, ಮನೆಯವರು ಮತ್ತು ಊರವರೆಲ್ಲ ಒಂದು ಹೆಸರು ಹೇಳಿ ಹೆದರಿಸಿದ ಮೇಲೂ, ತನ್ನ ಮೈಯಲ್ಲಿ ಆದದ್ದನ್ನು ಆದ ಹಾಗೆಯೇ ಹಿಡಿದಿಟ್ಟುಕೊಂಡು ಬಂದಿದ್ದಳು. ವೈದ್ಯರಿಗೆ ರೋಗಿ ಕೊಡಬಹುದಾದ ಇದಕ್ಕಿಂತ ದೊಡ್ಡ ಸಹಾಯ ನನಗೆ ಗೊತ್ತಿಲ್ಲ.

ಈ ಮಾತ್ರೆ ಕೆಲವೇ ಕೆಲವರ ಶ್ವಾಸಕೋಶವನ್ನು ಕೆರಳಿಸುತ್ತದೆ ಎಂದು ಓದಿದ್ದೆ, ಎಚ್ಚರಿಕೆಯನ್ನೂ ಹೇಳಿದ್ದೆ. ಕಣ್ಣಾರೆ ಕಂಡಿರಲಿಲ್ಲ. ಮೊದಲ ಸಲ ಏನೂ ಮಾಡದೆ, ಮೈ ಅದನ್ನು ಗುರುತಿಟ್ಟುಕೊಂಡು, ಎರಡನೆಯ ಸಲ ತಿರುಗಿ ಬೀಳುವುದುಂಟು. ಹಾಗಾಗಿದ್ದರೆ ಇನ್ನೊಂದು ಮಾತ್ರೆಯೂ ಅಪಾಯ. ಹಾಗಲ್ಲದೆ ಸೋಂಕೇ ರಕ್ತಕ್ಕಿಳಿದಿದ್ದರೆ ಔಷಧ ನಿಲ್ಲಿಸುವುದು ಅಪಾಯ. ನಮ್ಮ ಕೇಂದ್ರದಲ್ಲಿ ಎಕ್ಸ್-ರೇ ಇರಲಿಲ್ಲ. ಯೋಚಿಸುತ್ತ ಕೂರಲು ಆಕೆಯ ಉಸಿರಾಟ ಅವಕಾಶ ಕೊಡುವಂತಿರಲಿಲ್ಲ.

“ಈ ಮಾತ್ರೆ ಇಲ್ಲಿಗೆ ನಿಲ್ಲಿಸ್ತಿದ್ದೀನಿ” ಎಂದೆ.

ಅತ್ತೆಯ ಮುಖ ಬಿಳಿಚಿಕೊಂಡಿತು. “ಅಯ್ಯೋ, ನಾನೇ ಕೊಟ್ಟು...”

“ನೀವು ಕೊಟ್ಟಿದ್ದು ನಾನು ಹೇಳಿದ್ದಕ್ಕಮ್ಮ. ಒಳ್ಳೇ ಔಷಧವೇ ಅದು. ಇವರ ಮೈಗೆ ಆಗಲ್ಲ, ಅಷ್ಟೆ. ಅದು ಮೊದಲೇ ಯಾರಿಗೂ ಗೊತ್ತಾಗಲ್ಲ.”

ಸಾಗರದಲ್ಲಿ ನನಗೆ ಪರಿಚಯವಿದ್ದ ಹಿರಿಯ ಫಿಜಿಶಿಯನ್ ಒಬ್ಬರಿಗೆ ಫೋನ್ ಮಾಡಿದೆ. ಮಂಗನ ಕಾಯಿಲೆಯ ಪ್ರದೇಶದಿಂದ ಜ್ವರ, ಉಸಿರಾಟದ ತೊಂದರೆ, ಆದರೆ ನನ್ನ ಅನುಮಾನ ಮಾತ್ರೆಯ ಮೇಲೆ ಎಂದೆ. ನಕ್ಕುಬಿಡಬಹುದು ಎಂದುಕೊಂಡಿದ್ದೆ. ಅವರು ಔಷಧದ ಹೆಸರನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. “ಎಷ್ಟೋ ವರ್ಷದ ಹಿಂದೆ ಒಂದು ನೋಡಿದ್ದೆ. ಕರ್ಕೊಂಡು ಬನ್ನಿ. ಎರಡಕ್ಕೂ ತಯಾರಿ ಮಾಡ್ಕೊಂಡಿರ್ತೀನಿ.”

ಆಮ್ಲಜನಕ ಹಾಕಿ ಆಂಬುಲೆನ್ಸ್ ಹೊರಡಿಸಿದೆವು, ನಾನೂ ಹತ್ತಿದೆ. ಹೊಸನಗರ ದಾಟಿ ಬಟ್ಟೆಮಲ್ಲಪ್ಪದ ತಿರುವುಗಳಲ್ಲಿ ಹೋಗುವಾಗ ಆಕೆ ಆಮ್ಲಜನಕದ ಮಾಸ್ಕ್ ಸರಿಸಿ ಏನೋ ಹೇಳಲು ನೋಡಿದಳು. ಬಗ್ಗಿದೆ. “ಅತ್ತೆಗೆ ಹೇಳಿ ಮೇಡಂ. ಅವ್ರದ್ದೇ ತಪ್ಪು ಅಂದ್ಕೊಂಡು ಊಟ ಬಿಡ್ತಾರೆ.”

ಸಾಗರದಲ್ಲಿ ಎಕ್ಸ್-ರೇ ತೆಗೆದರು. ಶ್ವಾಸಕೋಶದ ತಳಭಾಗದಲ್ಲಿ ಎರಡೂ ಕಡೆ ಮಂಜು ಕವಿದಂಥ ನೆರಳು. ರಕ್ತದಲ್ಲಿ ಅಲರ್ಜಿಯಾದಾಗ ಏರುವ ಬಿಳಿ ಕಣಗಳು ಹೆಚ್ಚಿದ್ದವು. ಮಂಗನ ಕಾಯಿಲೆಯಲ್ಲಿ ಇಳಿಯುವ ಪ್ಲೇಟ್‌ಲೆಟ್ ಇಳಿದಿರಲಿಲ್ಲ. ಎಲ್ಲವೂ ಒಂದೇ ಕಡೆ ಬೆರಳು ತೋರುತ್ತಿದ್ದರೂ ವೈದ್ಯರು ಅವಸರ ಮಾಡಲಿಲ್ಲ. ಮಂಗನ ಕಾಯಿಲೆಯ ವರದಿ ಬರುವವರೆಗೆ ಆ ಕಾಯಿಲೆಯ ನಿಯಮಗಳನ್ನೂ ಪಾಲಿಸಿ ಪ್ರತ್ಯೇಕ ಕೋಣೆಯಲ್ಲಿಟ್ಟರು. “ಮಾತ್ರೆ ನಿಲ್ಲಿಸಿದ್ದು ಸರಿ. ಈಗ ನಮಗೆ ಕಷ್ಟದ ಕೆಲಸ ಉಳಿದಿರೋದು, ಕೈ ಕಟ್ಟಿ ನೋಡ್ತಾ ಕೂರೋದು. ಸುಮ್ಮನೆ ಇನ್ನೊಂದು ಆ್ಯಂಟಿಬಯೋಟಿಕ್ ಸುರೀಬಾರದು” ಎಂದರು.

ಸಂಜೆಯ ಹೊತ್ತಿಗೆ ಆಮ್ಲಜನಕ ಏರಲಿಲ್ಲ, ಇನ್ನೂ ಸ್ವಲ್ಪ ಇಳಿಯಿತು. ನನಗೆ ಬೇಕಾದ ಕಾರಣವನ್ನಷ್ಟೇ ನಾನು ಕಂಡೆನೇ? ಕೇಂದ್ರಕ್ಕೆ ಮರಳಲೇಬೇಕಿತ್ತು. ಹೊರಡುವಾಗ ಕೋಣೆಯ ಕಿಟಕಿಯಿಂದ ನೋಡಿದೆ. ವೈದ್ಯರು ಆಕೆಯ ಮಂಚದ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ಬೆರಳಿನ ಸಾಧನ ನೋಡುತ್ತ, ಕೊಡಚಾದ್ರಿಯ ದಾರಿಯ ಬಗ್ಗೆ ಏನೋ ಕೇಳುತ್ತಿದ್ದರು. ಆಕೆ ಕೈಯಲ್ಲೇ ದಾರಿ ತೋರಿಸುತ್ತಿದ್ದಳು.

ಮಾರನೆಯ ಬೆಳಿಗ್ಗೆ ಫೋನ್ ಬಂತು. “ಜ್ವರ ಇಲ್ಲ. ಇಡ್ಲಿ ಕೇಳ್ತಿದ್ದಾರೆ” ಎಂದಷ್ಟೇ ಹೇಳಿದರು. ಮುಂದೆ ದಿನದಿಂದ ದಿನಕ್ಕೆ ಆಮ್ಲಜನಕದ ಅಗತ್ಯ ಕಡಿಮೆಯಾಯಿತು. ಮಂಗನ ಕಾಯಿಲೆಯಿಲ್ಲ ಎಂದು ವರದಿ ಬಂತು. ಮತ್ತೆ ತೆಗೆದ ಎಕ್ಸ್-ರೇಯಲ್ಲಿ ಮಂಜು ಕರಗಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲವೇನೋ. ಅರ್ಧಕ್ಕೆ ನಿಂತ ಚಿಕಿತ್ಸೆ ತನ್ನ ಬಾಕಿ ಕೇಳದೆ ಬಿಡಲಿಲ್ಲ. ಮನೆಗೆ ಬಂದು ಚೇತರಿಸಿಕೊಳ್ಳುವಷ್ಟರಲ್ಲಿ ಉರಿ ಮತ್ತೆ ಶುರುವಾಯಿತು. ಈ ಸಲ ನನ್ನೆದುರು ಕುಳಿತವಳು ಹೆದರಿದ್ದಳು.

“ಇನ್ನು ಮಾತ್ರೆ ಮಾತ್ರ ಬೇಡ ಮೇಡಂ. ಬಾರ್ಲಿ ನೀರು, ಎಳನೀರು, ಎಂತ ಬೇಕಾದ್ರೂ ಕುಡೀತೀನಿ. ಆ ಉಸಿರು ಕಟ್ಟೂದು ಮತ್ತೆ ಬೇಡ.”

ಒತ್ತಾಯ ಮಾಡುವ ಮುಖ ನನಗಿರಲಿಲ್ಲ. ನೀರಷ್ಟರಿಂದಲೇ ಸೋಂಕು ಹೋಗಲಾರದು, ಬಿಟ್ಟರೆ ಮೂತ್ರಪಿಂಡಕ್ಕೆ ಏರಬಹುದು ಎಂದು ಚಿತ್ರ ಬರೆದು ತೋರಿಸಿದೆ. ವರದಿಯಲ್ಲಿದ್ದ ಎರಡನೆಯ ಔಷಧದ ಬಗ್ಗೆ ಹೇಳಿದೆ. ಅದು ಬೇರೆಯದೇ ಜಾತಿಯದು, ನೀರಿನಲ್ಲಿ ಕದಡಿ ಒಂದೇ ಸಲ ಕುಡಿದರೆ ಆಯಿತು. ಹೆಚ್ಚೆಂದರೆ ಹೊಟ್ಟೆ ಸ್ವಲ್ಪ ಸಡಿಲವಾಗಬಹುದು. ಯಾರ ಮೈಗೂ ಯಾವ ಔಷಧವೂ ಖಂಡಿತ ಆಗುತ್ತದೆ ಎಂದು ನಾನು ಭರವಸೆ ಕೊಡಲಾರೆ ಎಂಬುದನ್ನೂ ಹೇಳಿದೆ.

“ಆಗತ್ತೆ ಅಂತ ನೀವು ಆಣೆ ಹಾಕಿದ್ರೆ ನಾನು ಎದ್ದು ಹೋಗ್ತಿದ್ದೆ” ಎಂದಳು. “ಇಲ್ಲೇ ಕುಡೀತೀನಿ. ಸಂಜೆವರೆಗೆ ಇಲ್ಲೇ ಕೂತಿರ್ತೀನಿ. ಎಂತಾದ್ರೂ ಆದ್ರೆ ನಿಮ್ಮ ಕಣ್ಣೆದ್ರಿಗೇ ಆಗ್ಲಿ.”

ಔಷಧ ತರಿಸಿದೆ. ಲೋಟದಲ್ಲಿ ಪುಡಿ ಕದಡಿ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟನೆ ಕುಡಿದಳು. ನಾನು ಉಳಿದ ರೋಗಿಗಳನ್ನು ನೋಡುತ್ತ ಮತ್ತೆ ಮತ್ತೆ ಹೊರಗೆ ಇಣುಕಿದೆ. ಬೆಂಚಿನ ಮೇಲೆ ಕುಳಿತು, ಲಸಿಕೆಗೆ ಬಂದ ತಾಯಂದಿರ ಮಕ್ಕಳನ್ನು ಒಂದೊಂದಾಗಿ ಎತ್ತಿ ಆಡಿಸುತ್ತಿದ್ದಳು. ನರ್ಸ್ ಆಗಾಗ ಬೆರಳಿಗೆ ಸಾಧನ ಸಿಕ್ಕಿಸಿ ನೋಡಿ ನನಗೆ ತಲೆಯಾಡಿಸುತ್ತಿದ್ದರು. ಏನೂ ಆಗಲಿಲ್ಲ. ಉರಿ ಹೋಯಿತು, ಆಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಮೂತ್ರ ಶುದ್ಧವಾಗಿತ್ತು.

ಅಷ್ಟಾದ ಮೇಲೆ ಒಂದು ದಿನ ಮಂಗನ ಕಾಯಿಲೆಯ ಬಗ್ಗೆ ಅರಣ್ಯ ಸಿಬ್ಬಂದಿಗೆ ತಿಳಿವಳಿಕೆ ಕೊಡಲು ನನ್ನನ್ನು ಕರೆದಿದ್ದರು. ಕಾಡಿನಂಚಿನ ಅವರ ಕಚೇರಿಯ ಸಭಾಂಗಣ. ಮುಂದೆ ರೇಂಜರ್, ಅವರ ಎದುರು ಸಾಲಾಗಿ ಗಾರ್ಡುಗಳು, ವಾಚರುಗಳು, ಎಲ್ಲ ಗಂಡಸರು. ಹಿಂದಿನ ಸಾಲಿನಲ್ಲಿ ಆಕೆ, ಆಕೆಯ ಪಕ್ಕ ಬೇರೆ ಕಡೆಯಿಂದ ಬಂದ ಇಬ್ಬರು ಹೆಣ್ಣುಮಕ್ಕಳು. ಉಣುಗಿನ ಬಗ್ಗೆ, ಅದು ಹತ್ತದಂತೆ ಕಾಲಿಗೆ ಹಚ್ಚುವ ತೈಲದ ಬಗ್ಗೆ ಮಾತಾಡಿ ಮುಗಿಸಿದೆ. ಪ್ರಶ್ನೆಗಳಿದ್ದರೆ ಕೇಳಿ ಎಂದರು ರೇಂಜರ್.

ಆಕೆ ಎದ್ದು ನಿಂತಳು.

“ಸರ್, ನನಗೆ ಆಸ್ಪತ್ರೆ ಸೇರೂ ಹಂಗಾಗಿದ್ದು ಮಂಗನ ಕಾಯಿಲೆ ಅಂತ ಎಲ್ರೂ ತಿಳ್ಕೊಂಡಿದ್ದಾರೆ. ಅಲ್ಲ. ಮೂತ್ರದ ಸೋಂಕಿಗೆ ತಗೊಂಡ ಮಾತ್ರೆ ಮೈಗೆ ಆಗದೆ ಹಂಗಾಗಿದ್ದು.”

ಯಾರೋ ಕೆಮ್ಮಿದರು. ಒಬ್ಬ ಕಿಟಕಿಯಾಚೆ ನೋಡತೊಡಗಿದ. ಆಕೆ ನಿಲ್ಲಿಸಲಿಲ್ಲ.

“ಸೋಂಕು ಯಾಕೆ ಬಂತು ಅಂದ್ರೆ, ಬೆಳಿಗ್ಗಿಂದ ಸಂಜೆವರೆಗೆ ನಾನು ನೀರು ಕುಡೀತಿರ್ಲಿಲ್ಲ. ಕುಡಿದ್ರೆ ಮೂತ್ರಕ್ಕೆ ಹೋಗ್ಬೇಕು. ಹೋಗಕ್ಕೆ ಜಾಗ ಇಲ್ಲ, ನಿಲ್ಲಿ ಅಂತ ಹೇಳಕ್ಕೆ ಬಾಯಿಲ್ಲ. ಕಾಡಿನ ಕೆಲಸ ನನಗೆ ಕಷ್ಟ ಅಲ್ಲ ಸರ್. ಕ್ಯಾಂಪಲ್ಲಿ ಬಾಗಿಲಿರೋ ಒಂದು ಶೌಚಾಲಯ ಬೇಕು. ಗಸ್ತಲ್ಲಿ ನಾನು ಕೈ ಎತ್ತಿದ್ರೆ ಜೊತೇಲಿದ್ದೋರು ಎಂತಕ್ಕೆ ಅಂತ ಕೇಳ್ದೆ ಮುಂದೆ ನಡೀಬೇಕು. ಇಷ್ಟೇ.”

ಗಂಡಸರೇ ತುಂಬಿದ ಕೋಣೆಯಲ್ಲಿ ‘ಮೂತ್ರ’ ಎಂಬ ಶಬ್ದವನ್ನು ಹಾಗೆ ನೆಟ್ಟಗೆ ಆಡಲು ವೈದ್ಯೆಯಾದ ನನಗೂ ಒಂದು ಗಳಿಗೆ ಬೇಕಾಗುತ್ತದೆ. ಆಕೆಯ ದನಿ ಸಣ್ಣದಾಗಲಿಲ್ಲ, ಏರಲೂ ಇಲ್ಲ.

ಮುಂದಿನ ಸಾಲಿನಲ್ಲಿದ್ದ ಹಳೆಯ ವಾಚರ್ ಒಬ್ಬರು ತಿರುಗಿ ನೋಡಿದರು. “ಮೊದ್ಲೇ ಹೇಳೂದಲ್ದಾ ತಂಗಿ. ನಮಗೆಲ್ಲಿ ಹೊಳೀತದೆ ಇದು?”

“ಅದಕ್ಕೇ ಹೇಳ್ದೆ ಅಣ್ಣ, ಈಗ.”

ರೇಂಜರ್ ಪೆನ್ನು ಕೆಳಗಿಟ್ಟರು. ಕೈ ಎತ್ತುವ ವ್ಯವಸ್ಥೆ ನಾಳೆಯಿಂದಲೇ ಜಾರಿಗೆ ಬರುತ್ತದೆ ಎಂದರು. ಶೌಚಾಲಯಕ್ಕೆ ಮೇಲಿನಿಂದ ಮಂಜೂರಾತಿ ಬೇಕು, ಅಲ್ಲಿಯವರೆಗೆ ಕ್ಯಾಂಪಿನ ಹಿಂದೆ ತಗಡಿನ ಮರೆ ಮಾಡಿಸುತ್ತೇನೆ ಎಂದರು. ಮಾತು ಉಳಿಸಿಕೊಂಡರು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಸಭೆ ಮುಗಿದು ಚಹಾ ಕೊಡುತ್ತಿದ್ದರು. ನಾನು ಚೀಲ ಹೆಗಲಿಗೇರಿಸಿ ಜೀಪಿನ ಕಡೆ ನಡೆದಾಗ ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ಹಿಂದಿನ ಸಾಲಿನ ಆ ಇಬ್ಬರು. ಅವರಲ್ಲಿ ಕಿರಿಯವಳು ಅತ್ತಿತ್ತ ನೋಡಿ, ಜೇಬಿನಿಂದ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ ತೆಗೆದು ನನ್ನ ಅಂಗೈಯಲ್ಲಿಟ್ಟಳು.

“ಮೇಡಂ, ನಮಗೂ ಹಂಗೇ ಆಗ್ತದೆ.”

ಜೀಪಿನ ಚಾಲಕನಿಗೆ ಸ್ವಲ್ಪ ತಡವಾಗುತ್ತದೆ ಎಂದು ಹೇಳಿ, ಅವರಿಬ್ಬರನ್ನೂ ಕರೆದುಕೊಂಡು ಕಚೇರಿಯ ಖಾಲಿ ಕೋಣೆಯೊಂದಕ್ಕೆ ಹೋಗಿ ಬಾಗಿಲು ಮುಂದೆ ಮಾಡಿದೆ.